ಹಗ್ಗದಲ್ಲಿ ಹೊಲಿದ ಹಡಗು, ಅಪ್ಪನ ಉಳಿ

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದರೆ ಕರಾವಳಿ. ಬಡಗಿಯ ಮನೆಯಲ್ಲಿ ಬೆಳೆದ ನನಗೆ ಅಲ್ಲಿನ ಸುದ್ದಿಯೊಂದು ಮನಸ್ಸಿನಿಂದ ಹೋಗಿಲ್ಲ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿದ ‘ಕೌಂಡಿನ್ಯ’ದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅದಕ್ಕೆ ಮಾದರಿ ಅಜಂತಾದ ಚಿತ್ರ. ಹಳೆಯ ನಕ್ಷೆ ಉಳಿದಿರಲಿಲ್ಲ; ವಿದ್ಯೆ ಕೇರಳದ ಬಾಬು ಶಂಕರನ್ ಮತ್ತು ಸಂಗಡಿಗರ ಕೈಯಲ್ಲಿತ್ತು. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಹಡಗು ಮಸ್ಕತ್ ತಲುಪಿತು.

ಎಲ್ಲರೂ ಚಪ್ಪಾಳೆ ತಟ್ಟಿದೆವು. ಆದರೆ ನಮ್ಮಪ್ಪ ನನಗೆ ಉಳಿ ಮುಟ್ಟಲು ಬಿಡಲಿಲ್ಲ. ‘ಓದು, ಕೆಲಸ ಹಿಡಿ’ ಎಂದರು. ಡಿಗ್ರಿ ಮುಗಿದು ಎರಡು ವರ್ಷ, ಇನ್ನೂ ಅರ್ಜಿ ಹಾಕುತ್ತಿದ್ದೇನೆ.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ದೋಣಿ ಕಟ್ಟುವುದೂ ಇವೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಗೆ 3 ಲಕ್ಷದವರೆಗೆ ಸಾಲ. ಒಳ್ಳೆಯದೇ. ಆದರೆ ಇದು ಈಗಾಗಲೇ ಕಸುಬಿನಲ್ಲಿರುವವರಿಗೆ. ಇಂಥ ಕೆಲಸ ಕೈಗೆ ಹತ್ತಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಹೊಸಬನ ಹೊಟ್ಟೆಪಾಡೇನು?

ಮೇಸ್ತ್ರಿಯ ಕೈಕೆಳಗಿನ ಕಲಿಕೆಗೂ ಸ್ಟೈಪೆಂಡ್, ಸರ್ಟಿಫಿಕೇಟ್ ಸಿಗಲಿ. ಆಗ ಅಪ್ಪಂದಿರೇ ಮಕ್ಕಳ ಕೈಗೆ ಉಳಿ ಕೊಟ್ಟಾರು. ನಾನಂತೂ ಭಾನುವಾರ ಅಪ್ಪನ ಪಕ್ಕ ಕೂರತೊಡಗಿದ್ದೇನೆ.