ಕೂಸಿನ ಭೇದಿಗೆ ಉಪವಾಸ ಮದ್ದಲ್ಲ

‘ಲಂಘನಂ ಪರಮೌಷಧಂ’ ಎಂಬ ಮಾತು ಬಲು ಹಳೆಯದು. ಹೊಟ್ಟೆ ಕೆಟ್ಟಾಗ ಒಂದು ಹೊತ್ತು ಊಟ ಬಿಟ್ಟರೆ ದೊಡ್ಡವರಿಗೆ ಹಾಯೆನಿಸುವುದೂ ಉಂಟು. ಆದರೆ ಇದೇ ಸೂತ್ರವನ್ನು ಎಂಟು ತಿಂಗಳ ಕೂಸಿಗೆ ಅನ್ವಯಿಸಿದರೆ? ಭೇದಿ ಶುರುವಾದ ದಿನ ‘ಹೊಟ್ಟೆಗೆ ಸ್ವಲ್ಪ ವಿಶ್ರಾಂತಿ ಸಿಗಲಿ’ ಎಂದು ಹಿರಿಯರು ಅನ್ನ ನಿಲ್ಲಿಸುತ್ತಾರೆ. ಎರಡು ದಿನ ಬಿಟ್ಟು ಹಾಲೂ ನಿಲ್ಲುತ್ತದೆ. ಆಮೇಲೆ ಬರೀ ಗಂಜಿಯ ತಿಳಿ. ವಾರ ಕಳೆಯುತ್ತದೆ, ಎರಡು ವಾರ ಕಳೆಯುತ್ತದೆ, ಭೇದಿ ಮಾತ್ರ ನಿಲ್ಲುವುದಿಲ್ಲ. ಕೂಸಿನ ಕೆನ್ನೆ ಇಳಿಯುತ್ತದೆ, ತೊಡೆಯ ಚರ್ಮ ಜೋತು ಬೀಳುತ್ತದೆ. ಕಾಯಿಲೆಯಷ್ಟೇ ಹಸಿವೂ ಕೂಸನ್ನು ಕರಗಿಸುತ್ತಿದೆ ಎಂಬುದು ಮನೆಯವರ ಗಮನಕ್ಕೆ ಬರುವುದೇ ಇಲ್ಲ.

ಸಾಮಾನ್ಯ ಭೇದಿ ಒಂದು ವಾರದೊಳಗೆ ತಾನಾಗಿಯೇ ನಿಲ್ಲುತ್ತದೆ. 14 ದಿನ ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ಭೇದಿ ಎಂದು ಪರಿಗಣಿಸುತ್ತಾರೆ. ಇವೆರಡರ ನಡುವಿನ ದಿನಗಳಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ಎದೆಹಾಲನ್ನಷ್ಟೇ ಕುಡಿಯುವ ಎಳೆಗೂಸು ದಿನಕ್ಕೆ ಹಲವು ಸಲ ತೆಳ್ಳಗೆ, ಹಳದಿಯಾಗಿ ಮಲ ವಿಸರ್ಜಿಸುವುದು ಸಹಜ. ಕೂಸು ಲವಲವಿಕೆಯಿಂದಿದ್ದು, ತೂಕ ಏರುತ್ತಿದ್ದರೆ ಅದು ಭೇದಿಯಲ್ಲ. ಮೊದಲಿದ್ದುದಕ್ಕಿಂತ ಮಲ ಹೆಚ್ಚು ನೀರಾಗಿ, ಹೆಚ್ಚು ಸಲ ಹೋಗತೊಡಗಿದರೆ ಅದು ಭೇದಿ.

‘ಹಲ್ಲು ಬರುತ್ತಿದೆ, ಅದಕ್ಕೇ ಭೇದಿ’ ಎಂಬುದು ಇನ್ನೊಂದು ರೂಢಿಯ ಮಾತು. ಹಲ್ಲು ಬರುವ ಕಾಲಕ್ಕೆ, ಅಂದರೆ ಆರನೇ ತಿಂಗಳ ಆಸುಪಾಸಿನಲ್ಲಿ, ಬೇರೆ ಸಂಗತಿಗಳೂ ನಡೆಯುತ್ತಿರುತ್ತವೆ. ಕೂಸು ಅಂಬೆಗಾಲಿಡಲು ಕಲಿಯುತ್ತದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಹೊರಗಿನ ಆಹಾರ ಶುರುವಾಗುತ್ತದೆ. ಹುಟ್ಟುವಾಗ ತಾಯಿಯಿಂದ ಬಂದಿದ್ದ ರೋಗನಿರೋಧಕ ಶಕ್ತಿ ಕುಗ್ಗುತ್ತಾ ಬರುತ್ತದೆ. ರೋಗಾಣುಗಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಪಾಪ, ಹಲ್ಲಿನ ಮೇಲೆ ಸುಮ್ಮನೆ ಅಪವಾದ.

ಇನ್ನು ಕರುಳಿನೊಳಗೆ ಏನಾಗುತ್ತದೆ ನೋಡೋಣ. ಸಣ್ಣ ಕರುಳಿನ ಒಳಗೋಡೆ ನುಣುಪಾಗಿಲ್ಲ. ಮಖಮಲ್ಲಿನ ಬಟ್ಟೆಯ ಮೇಲಿನ ಎಳೆಗಳಂತೆ ಅಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಚಾಚಿಕೆಗಳಿವೆ. ಇವೇ ಪಠ್ಯಪುಸ್ತಕದಲ್ಲಿ ಓದುವ ವಿಲ್ಲೈಗಳು. ಜೀರ್ಣವಾದ ಆಹಾರವನ್ನು ಹೀರಿಕೊಳ್ಳುವ ಕೆಲಸ ಇವುಗಳದ್ದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಇರುವುದೂ ಇವುಗಳ ತುದಿಯ ಭಾಗದಲ್ಲೇ. ರೋಟಾ ವೈರಸ್‌ನಂಥ ರೋಗಾಣು ದಾಳಿ ಮಾಡಿದಾಗ ಮೊದಲು ಹಾಳಾಗುವುದು ಈ ತುದಿಗಳು. ಆಗ ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುಳಿತು, ಆಮ್ಲವೂ ಅನಿಲವೂ ಆಗುತ್ತದೆ. ಮಲ ಹುಳಿ ವಾಸನೆ ಬರುತ್ತದೆ, ಕೂಸಿನ ಕುಂಡೆಯ ಚರ್ಮ ಕೆಂಪಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ರೋಗಾಣು ತೊಲಗಿದ ಮೇಲೂ ಭೇದಿ ಮುಂದುವರಿಯಲು ಇದೊಂದು ಕಾರಣ.

ಸಮಾಧಾನದ ಸಂಗತಿಯೆಂದರೆ ಕರುಳಿನ ಒಳಪದರದ ಜೀವಕೋಶಗಳು ಮೂರರಿಂದ ಐದು ದಿನಗಳಲ್ಲಿ ಹೊಸದಾಗುತ್ತವೆ. ಹಾಳಾದ ಗೋಡೆಯನ್ನು ದೇಹವೇ ಮತ್ತೆ ಕಟ್ಟುತ್ತದೆ. ಆದರೆ ಗೋಡೆ ಕಟ್ಟಲು ಇಟ್ಟಿಗೆ, ಗಾರೆ ಬೇಡವೇ? ಪ್ರೋಟೀನು, ಶಕ್ತಿ, ಸತು, ಎ ವಿಟಮಿನ್ ಎಲ್ಲವೂ ಆಹಾರದಿಂದಲೇ ಬರಬೇಕು. ಅಷ್ಟೇ ಅಲ್ಲ, ಕರುಳಿನ ಒಳಪದರ ತನ್ನ ಮುಂದೆ ಹಾದುಹೋಗುವ ಆಹಾರದಿಂದ ನೇರವಾಗಿಯೂ ಪೋಷಣೆ ಪಡೆಯುತ್ತದೆ. ಊಟ ನಿಲ್ಲಿಸಿದರೆ ಕರುಳಿಗೆ ವಿಶ್ರಾಂತಿ ಸಿಗುವುದಿಲ್ಲ, ದುರಸ್ತಿ ನಿಲ್ಲುತ್ತದೆ. ದುರಸ್ತಿಯಾಗದ ಕರುಳು ಆಹಾರವನ್ನು ಹೀರುವುದಿಲ್ಲ. ಹೀರದಿದ್ದರೆ ಕೂಸು ಇನ್ನಷ್ಟು ಸೊರಗುತ್ತದೆ. ಸೊರಗಿದ ಕೂಸಿಗೆ ಮತ್ತೆ ಭೇದಿ. ಈ ವಿಷವರ್ತುಲವನ್ನು ಮುರಿಯಬೇಕಾದರೆ ತಿನ್ನಿಸಲೇಬೇಕು.

ಊಟಕ್ಕೂ ಮೊದಲು ಬರುವುದು ನೀರು. ಹುಟ್ಟುವಾಗ ಮಗುವಿನ ತೂಕದಲ್ಲಿ ಸುಮಾರು ಶೇ. 75 ಭಾಗ ನೀರೇ. ಪುಟ್ಟ ದೇಹದಿಂದ ಸ್ವಲ್ಪ ನೀರು ಹೋದರೂ ನಷ್ಟ ದೊಡ್ಡದು. ಭೇದಿಯಾದ ಕೂಸಿನ ನೆತ್ತಿಯ ಮೆತ್ತನೆಯ ಭಾಗ ಒಳಕ್ಕೆ ಕುಸಿದಾಗ ‘ನೆತ್ತಿ ಕುಸಿದದ್ದರಿಂದಲೇ ಭೇದಿ’ ಎಂದು ತಿಳಿದು ಎಣ್ಣೆ ಒತ್ತುವವರಿದ್ದಾರೆ. ನಿಜ ಅದಕ್ಕೆ ತಿರುಗುಮುರುಗು. ನೀರು ಕಳೆದುಕೊಂಡದ್ದರಿಂದ ನೆತ್ತಿ ಕುಸಿದಿದೆ. ಆಗ ಬೇಕಾದದ್ದು ತಲೆಗೆ ಎಣ್ಣೆಯಲ್ಲ, ಹೊಟ್ಟೆಗೆ ಜೀವಜಲ.

ಜೀವಜಲ ಎಂದರೆ ಓ.ಆರ್.ಎಸ್. ಇದರ ಹಿಂದೊಂದು ಸ್ವಾರಸ್ಯದ ವಿಜ್ಞಾನವಿದೆ. ಕರುಳಿನಲ್ಲಿ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಕೈ ಕೈ ಹಿಡಿದು ಜೊತೆಯಾಗಿ ಒಳಗೆ ಹೋಗುತ್ತವೆ. ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಈ ಜೋಡಿ ಸಾಗಾಟವನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ವಿವರಿಸಿದರು. ಭೇದಿಯ ಸಮಯದಲ್ಲೂ ಈ ಬಾಗಿಲು ಬಹುಮಟ್ಟಿಗೆ ತೆರೆದೇ ಇರುತ್ತದೆ ಎಂಬುದು ಬಹು ದೊಡ್ಡ ಅನುಕೂಲ.

ಇದರ ಬಲ ಜಗತ್ತಿಗೆ ತಿಳಿದದ್ದು ಭಾರತದ ನೆಲದಲ್ಲಿ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಕಾಲರಾ ಎಂದರೆ ಭೇದಿಯ ಅತ್ಯುಗ್ರ ರೂಪ. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಮತ್ತು ಅವರ ತಂಡದವರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾಗಳನ್ನು ಅಳತೆಯಂತೆ ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಮಹಾಲನಬಿಸ್ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಔಷಧಿ ಕೊಡುವ ಕೆಲಸವನ್ನು ತಾಯಂದಿರ ಕೈಗೆ ಒಪ್ಪಿಸಬಹುದು ಎಂದು ಅಂದು ತೋರಿಸಿಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಇಂದಿನ ಪೊಟ್ಟಣದ ಸೂತ್ರ 2002ರಿಂದ ಬಂದದ್ದು. ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ. ಪೊಟ್ಟಣ ಒಂದು ಲೀಟರಿನದೋ 200 ಮಿಲಿಲೀಟರಿನದೋ ಓದಿ, ಕುದಿಸಿ ಆರಿಸಿದ ಅಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಬೇಕು. ಅರ್ಧ ಪೊಟ್ಟಣ, ಅಂದಾಜು ನೀರು ಕೂಡದು. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಚಮಚೆಯಲ್ಲಿ ಸ್ವಲ್ಪ ಸ್ವಲ್ಪವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಕೊಡಬೇಕು.

ಅಳತೆಗೆ ಏಕಿಷ್ಟು ಒತ್ತು? ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ. ಅದನ್ನೇ ಗಟ್ಟಿ ಸಕ್ಕರೆ ಪಾಕಕ್ಕೆ ಹಾಕಿದರೆ ಕುಗ್ಗುತ್ತದೆ. ಇದು ಅಭಿಸರಣೆ. ತುಂಬಾ ಸಿಹಿಯಾದ ಪಾನೀಯ ಕುಡಿಸಿದರೆ ಕರುಳಿನಲ್ಲೂ ಇದೇ ಕಥೆ. ಒಳಗೆ ಹೋಗಬೇಕಾದ ನೀರು ದೇಹದಿಂದ ಕರುಳಿಗೆ ಬರುತ್ತದೆ, ಭೇದಿ ಹೆಚ್ಚುತ್ತದೆ. ಹಾಗಾಗಿ ಹಣ್ಣಿನ ರಸದ ಪೊಟ್ಟಣ, ಬಾಟಲಿಯ ತಂಪು ಪಾನೀಯಗಳು ಜೀವಜಲಕ್ಕೆ ಬದಲಿಯಲ್ಲ. ನಿಗದಿತ ಸೂತ್ರಕ್ಕೆ ಹೊಂದದ ಪಾನೀಯಗಳು ತಮ್ಮ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಪದ ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದ್ದು ಇದೇ ಗೊಂದಲ ತಪ್ಪಿಸಲು.

ಈಗ ಊಟದ ವಿಷಯ. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು; ಇನ್ನೂ ಹೆಚ್ಚು ಸಲ ಕುಡಿಸಬೇಕು. ಅದರಲ್ಲೂ ಲ್ಯಾಕ್ಟೋಸ್ ಇದೆಯಾದರೂ ಬಹುತೇಕ ಕೂಸುಗಳಿಗೆ ಅದು ಒಗ್ಗುತ್ತದೆ. ಆರು ತಿಂಗಳು ದಾಟಿದ, ಹಸುವಿನ ಹಾಲು ಕುಡಿಯುತ್ತಿರುವ ಮಗುವಿಗೆ ಭೇದಿ ದೀರ್ಘವಾದರೆ ಆ ಹಾಲನ್ನು ಕಡಿಮೆ ಮಾಡಿ ಮೊಸರು ಕೊಡಬಹುದು. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಮೊದಲೇ ತಿಂದು ಮುಗಿಸಿರುತ್ತವೆ. ಮೆತ್ತಗೆ ಹಿಸುಕಿದ ಮೊಸರನ್ನ, ಒಂದಿಷ್ಟು ತುಪ್ಪ ಹಾಕಿದ ಹೆಸರುಬೇಳೆ ಅನ್ನ, ಬಾಳೆಹಣ್ಣು ಒಳ್ಳೆಯವು. ಮೊಳಕೆ ಬರಿಸಿದ ರಾಗಿಯ ಸರಿ ಕೂಡ ಜಾಣತನದ ಆಹಾರ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗುವುದಿಲ್ಲ. ಕೂಸಿನ ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪವೇ ತಿನ್ನಿಸಿ. ಭೇದಿ ನಿಂತ ಮೇಲೂ ಕನಿಷ್ಠ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಇರಲಿ.

ಜೊತೆಗೆ ಸತುವಿನ ಮಾತ್ರೆ. ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳ ನಂತರ 20 ಮಿಲಿಗ್ರಾಂ. ಚಮಚೆಯಲ್ಲಿ ಎದೆಹಾಲಿಗೋ ಜೀವಜಲಕ್ಕೋ ಕರಗಿಸಿ, ಭೇದಿ ನಿಂತರೂ 14 ದಿನ ಪೂರ್ತಿ. ಭೇದಿಯನ್ನು ‘ಕಟ್ಟುವ’ ಮಾತ್ರೆಗಳು ಕೂಸಿಗೆ ಅಪಾಯಕಾರಿ. ಕರುಳಿನ ಚಲನೆಯನ್ನು ಅವು ತಡೆಯುತ್ತವೆಯೇ ಹೊರತು ರೋಗವನ್ನಲ್ಲ. ಅಂಗಡಿಯಲ್ಲಿ ಕೇಳಿ ತಂದ ಆಂಟಿಬಯೋಟಿಕ್ ಕೂಡ ಹಾಗೆಯೇ. ವೈರಸ್ಸಿನಿಂದ ಬಂದ ಭೇದಿಗೆ ಅದರಿಂದ ಉಪಯೋಗವಿಲ್ಲ, ಅದೇ ಭೇದಿಗೆ ಕಾರಣವಾಗಲೂಬಹುದು.

ಮನೆಮದ್ದಿಗೂ ಮಿತಿಯಿದೆ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಕಣ್ಣೀರಿಲ್ಲದ ಅಳು, ಮೂತ್ರ ಕಡಿಮೆಯಾಗುವುದು, ಚಿವುಟಿ ಬಿಟ್ಟ ಹೊಟ್ಟೆಯ ಚರ್ಮ ನಿಧಾನವಾಗಿ ಹಿಂದಿರುಗುವುದು, ಕುಡಿಯಲಾಗದಷ್ಟು ಮಂಕು, ಜ್ವರ, ನಿಲ್ಲದ ವಾಂತಿ: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು, ದಾರಿಯುದ್ದಕ್ಕೂ, ಕುಡಿಯುವ ಕೂಸಿಗೆ ಜೀವಜಲ ಕೊಡುತ್ತಲೇ ಇರಬೇಕು. ಎರಡು ವಾರ ದಾಟಿದ ಯಾವ ಭೇದಿಯನ್ನೂ ವೈದ್ಯರು ನೋಡಲೇಬೇಕು. ಆರು ತಿಂಗಳೊಳಗಿನ ಕೂಸಾದರೆ ಅಷ್ಟು ದಿನ ಕಾಯುವುದೇ ತಪ್ಪು.

ಬರದಂತೆ ತಡೆಯುವುದು ಇನ್ನೂ ಸುಲಭ. ಮೊದಲ ಆರು ತಿಂಗಳು ಎದೆಹಾಲು ಮಾತ್ರ. ಮೂಲೆಮೂಲೆಯಲ್ಲಿ ಹಾಲು ಹುಳಿಯುವ ಬಾಟಲಿಗಿಂತ ಅಜ್ಜಿಯ ಕಾಲದ ಒಳಲೆಯೇ ವಾಸಿ. ತೊಳೆಯಲೂ ಕುದಿಸಲೂ ಸುಲಭ. ಸಾಬೂನಿನಿಂದ ಕೈ ತೊಳೆಯುವುದು ಮನೆಮಂದಿಗೆಲ್ಲ ಕಡ್ಡಾಯವಾಗಲಿ. ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ 2016ರಿಂದ ಸೇರಿರುವ ರೋಟಾ ವೈರಸ್ ಲಸಿಕೆಯನ್ನು 6, 10 ಮತ್ತು 14ನೇ ವಾರಗಳಲ್ಲಿ ತಪ್ಪದೆ ಹಾಕಿಸಬೇಕು.

ಕೊನೆಗೆ, ಮನೆಯ ಶಾಲಾ ಮಕ್ಕಳಿಗೊಂದು ಕೆಲಸ. ತಮ್ಮನಿಗೋ ತಂಗಿಗೋ ಭೇದಿ ಶುರುವಾದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಿನಕ್ಕೆ ಎಷ್ಟು ಸಲ ಭೇದಿ, ಎಷ್ಟು ಸಲ ಊಟ, ಎಷ್ಟು ಸಲ ಮೂತ್ರ ಎಂದು ಬರೆಯುತ್ತಾ ಬನ್ನಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳು ಅವೇ. ಗಾಬರಿಯಲ್ಲಿರುವ ಅಪ್ಪ ಅಮ್ಮನಿಗೆ ಆಗ ನೆನಪಾಗದ ಉತ್ತರ ನಿಮ್ಮ ಕೈಬರಹದಲ್ಲಿ ಸಿದ್ಧವಾಗಿರಲಿ.