ಐದು ವರ್ಷದ ಮಾತ್ರೆ

ಮಣಿಕರ್ಣಿಕಾ ಘಾಟಿನಲ್ಲಿ ಸೌದೆ ತೂಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬ್ಯಾಂಕಿನವರು ಕಾಶಿಗೆ ವರ್ಗ ಮಾಡಿ, ನಾನು ಇಲ್ಲೇ ಮನೆ ಮಾಡಿಕೊಂಡು 22 ವರ್ಷವಾಯಿತು. ಊರಿಂದ ಬಂದವರಿಗೆ ರೂಮು ಹುಡುಕುವುದು, ಹನುಮಾನ್ ಘಾಟಿನ ಕಡೆ ಪುರೋಹಿತರನ್ನು ಗೊತ್ತು ಮಾಡುವುದು, ದೋಣಿಯವನ ಹತ್ತಿರ ಚೌಕಾಸಿ ಮಾಡುವುದು ಎಲ್ಲ ಅಭ್ಯಾಸವಾಗಿಬಿಟ್ಟಿದೆ. ಆದರೆ ಕಳೆದ ಕಾರ್ತಿಕದಲ್ಲಿ ಆ ತಕ್ಕಡಿಯ ಮುಂದೆ ನಿಂತಾಗ ನನಗೆ ಲೆಕ್ಕವೇ ಹತ್ತಲಿಲ್ಲ. ಆ ಸೌದೆ ನಮ್ಮ ಅಕ್ಕನಿಗೆ.

ಅಕ್ಕನಿಗೆ ಸ್ತನದ ಕ್ಯಾನ್ಸರ್ ಆಗಿ ಬೆಂಗಳೂರಿನಲ್ಲಿ ಆಪರೇಷನ್ ಆಗಿತ್ತು. ಕೀಮೋ ಆಯಿತು, ಕೂದಲು ಹೋಗಿ ಮತ್ತೆ ಬಂತು. "ಎಲ್ಲಾ ಮುಗೀತು ಕಣೋ" ಅಂತ ಫೋನಿನಲ್ಲಿ ನಕ್ಕಿದ್ದಳು. ನಾವೂ ಮುಗೀತು ಅಂದುಕೊಂಡೆವು. ಮೂರೂವರೆ ವರ್ಷದ ಮೇಲೆ ಸೊಂಟ ನೋವು ಅಂದಳು. ತೋರಿಸಿದರೆ ಮೂಳೆಗೆ ಹಬ್ಬಿತ್ತು. ಒಂದು ಸಲ ಗಂಗೆ ನೋಡಬೇಕು ಅಂದಳು. ಅವಳ ಮಗ ಕರೆತಂದ. ಇಲ್ಲೇ ನಮ್ಮ ಮನೆಯಲ್ಲೇ ಹೋದಳು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವಳ ಚೀಲ ತೆಗೆದೆವು. ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಲೆಟ್ರೊಜೋಲ್ ಮಾತ್ರೆಯ ಪಟ್ಟಿಗಳು. ಒಡೆಯದೇ ಇದ್ದವು. ಜೊತೆಗಿದ್ದ ಇಂಗ್ಲಿಷ್ ಚೀಟಿಯಲ್ಲಿ ದಿನಕ್ಕೊಂದು, ಐದು ವರ್ಷ ಅಂತ ಬರೆದಿತ್ತು. ಆಮೇಲೆ ಅವಳ ಮಗನಿಂದ ತಿಳಿಯಿತು. 14 ತಿಂಗಳು ನುಂಗಿ ಬಿಟ್ಟುಬಿಟ್ಟಿದ್ದಳಂತೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲವಂತೆ, ಮಂಡಿ ಹಿಡಿಯುತ್ತಿತ್ತಂತೆ. ಯಾರೋ "ಹಾರ್ಮೋನ್ ಮಾತ್ರೆ ಒಳ್ಳೇದಲ್ಲ" ಅಂದರಂತೆ. ಕ್ಯಾನ್ಸರ್ ಹೋಯಿತಲ್ಲ, ಇನ್ನೇಕೆ ಅಂತ ಅವಳ ಲೆಕ್ಕ.

ನಾನು ಬಿಕಾಂ ಓದಿದವನು. ಜೀವಶಾಸ್ತ್ರ ಹೈಸ್ಕೂಲಿಗೇ ಮುಗಿದಿತ್ತು. ಆದರೂ ಆ ಕವರು ನಿದ್ದೆ ಕೆಡಿಸಿತು. ಓದುತ್ತಾ ಹೋದೆ, ಪರಿಚಯದ ಡಾಕ್ಟರನ್ನು ಕೇಳಿದೆ. ತಿಳಿದಷ್ಟನ್ನು ನಮ್ಮ ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ.

ಕೆಲವು ಸ್ತನ ಕ್ಯಾನ್ಸರುಗಳು ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಬಲದಿಂದ ಬೆಳೆಯುತ್ತವೆ. ರಿಪೋರ್ಟಿನಲ್ಲಿ ಇಆರ್ ಪಾಸಿಟಿವ್ ಅಂತ ಇದ್ದರೆ ಅದೇ ಜಾತಿ. ಮುಟ್ಟು ನಿಂತ ಮೇಲೆ ಅಂಡಾಶಯ ಈ ಹಾರ್ಮೋನು ಮಾಡುವುದನ್ನು ನಿಲ್ಲಿಸುತ್ತದೆ. ಅಂದರೆ ಹೆಡ್ಡಾಫೀಸು ಮುಚ್ಚಿತು. ಆದರೆ ಮೈಯ ಕೊಬ್ಬಿನಲ್ಲಿ, ಸ್ನಾಯುವಿನಲ್ಲಿ, ಸ್ತನದಲ್ಲೇ ಕೂಡ ಸಣ್ಣ ಸಣ್ಣ ಎಕ್ಸ್‌ಟೆನ್ಷನ್ ಕೌಂಟರುಗಳು ತೆರೆದೇ ಇರುತ್ತವೆ. ಅಲ್ಲಿ ಕೂತ ಗುಮಾಸ್ತನ ಹೆಸರು ಅರೊಮಟೇಸ್. ಇದೊಂದು ಕಿಣ್ವ, ಅಂದರೆ ಎಂಜೈಮು. ಗಂಡಸರದು ಅಂತ ನಾವು ಅಂದುಕೊಂಡಿರುವ, ಆದರೆ ಹೆಂಗಸರಲ್ಲೂ ಇರುವ ಆಂಡ್ರೋಜೆನ್ ಹಾರ್ಮೋನನ್ನು ಇವನು ಈಸ್ಟ್ರೋಜೆನ್ ಮಾಡಿ ಕೊಡುತ್ತಾನೆ. ಅಕ್ಕನ ಮಾತ್ರೆಯ ಕೆಲಸ ಇವನ ಕೈ ಕಟ್ಟುವುದು. ಅದು ಹಾರ್ಮೋನ್ ಕೊಡುವ ಮಾತ್ರೆ ಅಲ್ಲವೇ ಅಲ್ಲ, ಹಾರ್ಮೋನ್ ಆಗದಂತೆ ತಡೆಯುವ ಮಾತ್ರೆ! ನುಂಗುವುದು ಬಿಟ್ಟರೆ ಕೌಂಟರ್ ಮತ್ತೆ ತೆರೆಯುತ್ತದೆ. ಈ ಒಂದು ಮಾತನ್ನು ಅವಳಿಗೆ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ.

ಈ ಕಿಣ್ವದ ಹಿಂದೆ ಜಗತ್ತು ಎಷ್ಟು ಶ್ರಮ ಪಟ್ಟಿದೆ ಗೊತ್ತೇ? ಇದನ್ನು ತಡೆಯುವ ಔಷಧಕ್ಕಾಗಿ ಏಂಜೆಲಾ ಬ್ರೋಡಿ ಎಂಬ ವಿಜ್ಞಾನಿ 1970ರ ದಶಕದಿಂದಲೇ ದುಡಿದರು. ಲೆಟ್ರೊಜೋಲಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಈ ಕಿಣ್ವದ ಆಕಾರ ಹೇಗಿದೆ ಎಂದು ದೇಬಾಶಿಶ್ ಘೋಷ್ ಮತ್ತು ಸಂಗಡಿಗರು 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಅವರು ಕಿಣ್ವವನ್ನು ತೆಗೆದದ್ದು ಹೆರಿಗೆಯಾದ ಮೇಲೆ ಬೀಳುವ ಮಾಸಿನಿಂದ. ನಮ್ಮೂರಲ್ಲಿ ಹಿತ್ತಲಲ್ಲಿ ಹೂಳುತ್ತಿದ್ದೆವಲ್ಲ, ಅದೇ.

ಈಗ ಮಾಸನ್ನೇ ಕಾಯಬೇಕಿಲ್ಲ. ಮನುಷ್ಯನ ಜೀನನ್ನು ಕೀಟದ ಜೀವಕೋಶಕ್ಕೋ ಬ್ಯಾಕ್ಟೀರಿಯಾಕ್ಕೋ ಸೇರಿಸಿ, ಅದರ ಕೈಯಲ್ಲೇ ಮನುಷ್ಯನ ಅರೊಮಟೇಸ್ ಮಾಡಿಸುತ್ತಾರೆ. ರಿಕಾಂಬಿನೆಂಟ್ ಕಿಣ್ವ ಅನ್ನುವುದು ಇದಕ್ಕೆ. ಅಮೆರಿಕದ ಪರಿಸರ ಸಂಸ್ಥೆ 2009ರಲ್ಲಿ ಹೊರಡಿಸಿದ ಒಂದು ಪರೀಕ್ಷಾ ಕ್ರಮವೇ ಇದೆ. ಕೀಟನಾಶಕದಂಥ ರಾಸಾಯನಿಕಗಳನ್ನು ಈ ರಿಕಾಂಬಿನೆಂಟ್ ಅರೊಮಟೇಸಿನ ಜೊತೆ ಇಟ್ಟು, ಅದರ ಕೆಲಸಕ್ಕೆ ಅಡ್ಡ ಬರುತ್ತವೆಯೇ ಎಂದು ನೋಡುತ್ತಾರೆ. ಒಂದು ಟ್ಯೂಬಿನೊಳಗಿನ ಕಿಣ್ವವನ್ನು ಇಷ್ಟು ಜೋಪಾನವಾಗಿ ವಿಚಾರಿಸುವ ಕಾಲ ಇದು. ಅದೇ ಕಿಣ್ವವನ್ನು ಮೈಯಲ್ಲಿ ಹೊತ್ತ ಹೆಂಗಸನ್ನು ಕೂರಿಸಿಕೊಂಡು ಐದು ನಿಮಿಷ ಮಾತಾಡಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ನನ್ನ ತಕರಾರು ಇಷ್ಟೇ.

ಮಾತ್ರೆ ಬಿಟ್ಟದ್ದರಿಂದಲೇ ಅಕ್ಕ ಹೋದಳು ಅಂತ ನಾನು ಹೇಳಲಾರೆ. ನುಂಗಿದವರಲ್ಲೂ ಕೆಲವರಿಗೆ ಕಾಯಿಲೆ ಮರಳುತ್ತದೆ. ಆದರೆ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸುಮಾರು 32,000 ಹೆಂಗಸರ ಲೆಕ್ಕ ಬಂತು. ಈ ಜಾತಿಯ ಮಾತ್ರೆಯನ್ನು ಐದು ವರ್ಷ ತೆಗೆದುಕೊಂಡರೆ, ಹಾರ್ಮೋನು ತಡೆಯುವ ಯಾವ ಚಿಕಿತ್ಸೆಯೂ ಇಲ್ಲದವರಿಗಿಂತ ಹತ್ತು ವರ್ಷದಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವ ಸಂಭವ ಸುಮಾರು ಶೇ. 40ರಷ್ಟು ಇಳಿಯುತ್ತದೆ ಎಂದು ಅದರ ಅಂದಾಜು. ಇದನ್ನು ಕೇಳಿದ್ದರೆ ಅಕ್ಕ ಬೆರಳು ನೋವನ್ನು ಬೇರೆ ಥರ ತೂಗುತ್ತಿದ್ದಳೇನೋ.

ನೋವು ಸುಳ್ಳು ಅಂತಲೂ ನಾನು ಹೇಳುತ್ತಿಲ್ಲ. ಕೀಲು ನೋವು ಈ ಮಾತ್ರೆಯ ಗೊತ್ತಿರುವ ತೊಂದರೆ. ಮೂಳೆ ಸವೆಯುವುದೂ ಉಂಟು, ಅದಕ್ಕೆ ಮೂಳೆಯ ಪರೀಕ್ಷೆ ಮಾಡಿಸುತ್ತಿರಬೇಕು. ಆದರೆ ದಾರಿಗಳಿವೆ. ವ್ಯಾಯಾಮ ಇದೆ. ಇದೇ ಕೆಲಸ ಮಾಡುವ ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಇವೆ. ಬೇರೆ ರೀತಿ ಕೆಲಸ ಮಾಡುವ ಟ್ಯಾಮೊಕ್ಸಿಫೆನ್ ಇದೆ. ಯಾವುದು ಸರಿ ಅಂತ ಡಾಕ್ಟರೇ ಹೇಳಬೇಕು. ಅವರು ಹೇಳಬೇಕಾದರೆ ನಾವು ಹೋಗಿ ನೋವು ಅನ್ನಬೇಕು. ಸುಮ್ಮನೆ ಬಿಟ್ಟುಬಿಡುವುದೊಂದೇ ತಪ್ಪು ದಾರಿ.

ಸಾಲದ ಒಂದು ಕಂತು ತಪ್ಪಿದರೆ ನಮ್ಮ ಬ್ಯಾಂಕಿನಿಂದ ಮೆಸೇಜು ಹೋಗುತ್ತದೆ. ಎರಡು ತಪ್ಪಿದರೆ ಫೋನು. ಮಾತ್ರೆ ತಪ್ಪಿದರೆ ಕೇಳುವವರು ಯಾರು? ಆಸ್ಪತ್ರೆಗಳು ಈ ಐದು ವರ್ಷದ ಮಾತ್ರೆಗೆ ರೋಗಿಯ ಭಾಷೆಯಲ್ಲಿ ಒಂದು ಹಾಳೆ ಕೊಡಲಿ, ಆರು ತಿಂಗಳಿಗೊಮ್ಮೆ ಫೋನು ಮಾಡಲಿ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ.

ಆಸ್ಪತ್ರೆಯನ್ನಷ್ಟೇ ಅಂದರೆ ಅನ್ಯಾಯವಾಗುತ್ತದೆ. ಪ್ರತಿ ಭಾನುವಾರ ನಾನು ಅಕ್ಕನಿಗೆ ಫೋನು ಮಾಡುತ್ತಿದ್ದೆ. ಊಟ ಆಯ್ತಾ, ಮಳೆ ಬಂತಾ, ತೆಂಗಿನಕಾಯಿಗೆ ರೇಟು ಎಷ್ಟು... ಎಲ್ಲ ಕೇಳಿದ್ದೇನೆ. "ಮಾತ್ರೆ ತಗೊಂಡ್ಯಾ ಅಕ್ಕ?" ಅಂತ ಒಂದು ಸಲವೂ ಕೇಳಲಿಲ್ಲ. ಊರು ಬಿಟ್ಟು ಬಂದ ನಮ್ಮ ಪ್ರೀತಿಯೆಲ್ಲ ಫೋನಿನಲ್ಲೇ ತಾನೇ ಇರುವುದು? ಅದರಲ್ಲಿ ಈ ಪ್ರಶ್ನೆಗೂ ಜಾಗ ಇರಬೇಕಿತ್ತು.

ಕಾಶಿಯಲ್ಲಿ ಸಾಯುವವರ ಕಿವಿಯಲ್ಲಿ ಶಿವನೇ ತಾರಕ ಮಂತ್ರ ಹೇಳುತ್ತಾನೆ ಅನ್ನುತ್ತಾರೆ. ಅಕ್ಕನಿಗೂ ಹೇಳಿರಬಹುದು, ನನಗೆ ಆ ನಂಬಿಕೆ ಇದೆ. ಆದರೆ ಬದುಕಿದ್ದಾಗ ಅವಳ ಕಿವಿಯಲ್ಲಿ ಹೇಳಬೇಕಿದ್ದ ಮಾತು ನಮ್ಮದಾಗಿತ್ತು.

ನಿಮ್ಮ ಅಕ್ಕನೋ ಅತ್ತೆಯೋ ಅಮ್ಮನೋ ಈ ಮಾತ್ರೆಯ ಮೇಲಿದ್ದರೆ, ಇವತ್ತೇ ಒಂದು ಫೋನು ಮಾಡಿ. ನೋವಿದೆಯಾ ಅಂತಲೂ ಕೇಳಿ.