ಆಟದೊಳಗಿನ ಪಂಜರ

ನಮ್ಮೂರ ಕಡೆ "ಆಟಕ್ಕೆ ಹೋಗುವುದು" ಎಂದರೆ ಕಬಡ್ಡಿಗೂ ಅಲ್ಲ, ಕ್ರಿಕೆಟ್ಟಿಗೂ ಅಲ್ಲ, ಯಕ್ಷಗಾನಕ್ಕೆ. ಕಾರ್ಕಳದ ಬಳಿಯ ನನ್ನ ತವರಿನಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಆಟವಾಗುತ್ತಿತ್ತು. ಅಕ್ಕನೂ ನಾನೂ ಅಮ್ಮನ ಪಕ್ಕ ಚಾಪೆಯಲ್ಲಿ ಅರ್ಧ ನಿದ್ದೆ, ಅರ್ಧ ಎಚ್ಚರ. ಚೆಂಡೆಯ ಪೆಟ್ಟಿಗೆ ಬೆಚ್ಚಿ ಕಣ್ಣು ಬಿಟ್ಟರೆ ಎದುರಿಗೆ ಬೇರೆಯೇ ಲೋಕ. ಬೆಳಗಾಗುವ ತನಕ ಅದೇ ನಿಜ. ಮರುದಿನ ಶಾಲೆಯಲ್ಲಿ ತೂಕಡಿಸಿ ಪೆಟ್ಟು ತಿಂದದ್ದೂ ಉಂಟು. ಆದರೆ "ಆಟ ನೋಡಿ ಹುಡುಗಿಯರು ಹಾಳಾದರು" ಎಂದು ಯಾರೂ ಹೇಳಲಿಲ್ಲ.

ಇದನ್ನು ಯಾಕೆ ನೆನೆಸಿಕೊಂಡೆನೆಂದರೆ, ಕಳೆದ ದಸರೆಯ ರಜೆಗೆ ಮೊದಲು ಕಾಪುವಿನಿಂದ ಅಕ್ಕನ ಫೋನು ಬಂತು. "ಎಂತ ಮಾಡುವುದು ಮಾರಾಯ್ತಿ? ಸೆಕೆಂಡ್ ಪಿಯುಸಿ ಹುಡುಗಿ. ಇಡೀ ರಾತ್ರಿ ಜಪಾನಿನ ಕಾರ್ಟೂನು ನೋಡ್ತಾಳೆ. ಮೊಬೈಲು ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ನಾಲ್ಕು ದಿನವಾಯಿತು, ನನ್ನ ಹತ್ತಿರ ಮಾತೇ ಇಲ್ಲ." ರಜೆಗೆ ಅವಳನ್ನು ಉಡುಪಿಗೆ ಕಳಿಸು ಎಂದೆ.

ಹುಡುಗಿ ಬಂದಳು, ಊಟಕ್ಕೆ ಕೂತಳು, ಮೌನ. ಅದನ್ನು ಮುರಿದದ್ದು ಮಣಿಪಾಲದಲ್ಲಿ ಓದುವ ನನ್ನ ಮಗ. "ಯಾವುದು ನೋಡ್ತಿದ್ದೀ? ಸ್ವೋರ್ಡ್ ಆರ್ಟ್ ಆನ್‌ಲೈನಾ? ಕಿರಿಟೊ ಸೂಪರಲ್ವಾ?" ಎಂದ. "ಕಿರಿಟೊ ಬಿಡು, ಅಸುನಾಳಿಗೆ ಮಾಡಿದ್ದು ಅನ್ಯಾಯ!" ಎಂದು ಅವಳು ಸಿಡಿದಳು. ಶುರುವಾಯಿತು ನೋಡಿ, ಸಾರು ಆರುವ ತನಕ ಜಗಳ. ನಾನು ನಡುವೆ ಬಾಯಿ ಹಾಕಿದ್ದಕ್ಕೆ ಮಗ ಹೇಳಿದ: "ನೀನು ಮೊದಲು ನೋಡು ಅಮ್ಮ, ಮತ್ತೆ ಬೈ."

ನೋಡಿದೆ. ಹಗಲು ಹೊತ್ತಿನಲ್ಲಿ, ಹುಡುಗಿಯ ಜೊತೆ ಕೂತು. ಈಗ ಬೈಯುವ ಅಧಿಕಾರ ಸಿಕ್ಕಿದೆ.

ಕಥೆ ರೇಕಿ ಕವಾಹರಾ ಎಂಬವರದು. 2002ರಲ್ಲಿ ಅಂತರ್ಜಾಲದಲ್ಲಿ ಬರೆಯತೊಡಗಿದ್ದು 2009ರಿಂದ ಪುಸ್ತಕವಾಗಿ ಬಂತು. 2012ರಲ್ಲಿ ಇಪ್ಪತ್ತೈದು ಕಂತುಗಳ ಅನಿಮೆಯಾಯಿತು. ಹೆಲ್ಮೆಟ್ಟಿನಂಥ ಯಂತ್ರ ತಲೆಗೆ ಹಾಕಿಕೊಂಡರೆ ಆಟದ ಲೋಕದೊಳಗೇ ಇಳಿಯಬಹುದು. ಹತ್ತು ಸಾವಿರ ಮಂದಿ ಇಳಿಯುತ್ತಾರೆ. ಹೊರಬರುವ ಬಾಗಿಲೇ ಇಲ್ಲ. ಒಳಗೆ ಸತ್ತರೆ ಹೊರಗಿನ ದೇಹವೂ ಸಾಯುತ್ತದೆ. ನೂರು ಅಂತಸ್ತಿನ ಕೋಟೆಯನ್ನು ಗೆದ್ದರೆ ಮಾತ್ರ ಬಿಡುಗಡೆ. ಕಥೆಯ ಪ್ರಕಾರ ಇದು ನಡೆಯುವುದು 2022ರ ನವೆಂಬರ್ 6ರಂದು. ಆ ದಿನ ನಮ್ಮ ಲೋಕದಲ್ಲೂ ಬಂದು ಹೋಯಿತು, ಯಾರೂ ಸಿಕ್ಕಿಬೀಳಲಿಲ್ಲ. ಅಥವಾ ಎಲ್ಲರೂ ಆಗಲೇ ಸಿಕ್ಕಿಬಿದ್ದಿದ್ದೆವೋ!

ಮೊದಲು ನನ್ನ ಜಗಳ ನಮ್ಮ ಹೆಂಗಸರ ಜೊತೆ. ಸಂಜೆ ಆರಾದರೆ ಟೀವಿಯ ಮುಂದೆ ಕೂತು, ಅತ್ತೆ ಸೊಸೆಯ ಹಾಲಿಗೆ ವಿಷ ಹಾಕುವುದನ್ನು ವರ್ಷಗಟ್ಟಲೆ ನೋಡುವ ನಾವು ಮಕ್ಕಳಿಗೆ "ಕಾರ್ಟೂನು ನೋಡಿ ತಲೆ ಕೆಡಿಸಿಕೊಳ್ಳಬೇಡ" ಎನ್ನುವುದೆ? ಈ ಕಾರ್ಟೂನಿನಲ್ಲಿ ಸಾವಿಗೆ ತೂಕವಿದೆ. ಹೆದರಿದವರು, ಹೆದರಿಕೆಯನ್ನು ಮುಚ್ಚಿಟ್ಟವರು ಇಬ್ಬರೂ ಇದ್ದಾರೆ. ನನಗೆ ತುಂಬ ಹಿಡಿಸಿದ್ದು ಯುದ್ಧವಲ್ಲ, ಅಡುಗೆ. ಆ ಲೋಕದಲ್ಲಿ ಸೋಯಾ ಸಾಸ್ ಸಿಗುವುದಿಲ್ಲ. ಅಸುನಾ ಅಲ್ಲಿನ ಮಸಾಲೆಗಳನ್ನು ಒಂದೊಂದಾಗಿ ಬೆರೆಸಿ ನೋಡಿ ಊರಿನ ಆ ರುಚಿಯನ್ನು ಕಂಡುಹಿಡಿಯುತ್ತಾಳೆ. ಪರದೇಶದಲ್ಲಿ ಕೊಡಂಪುಳಿ ಹುಡುಕಿ ಸೋತ ನಮ್ಮ ಹುಡುಗಿಯರಿಗೆ ಇದು ಅರ್ಥವಾಗುತ್ತದೆ. ಸುಳ್ಳು ಲೋಕದಲ್ಲೂ ಬದುಕು ಸುಳ್ಳಲ್ಲ ಎಂದು ಇಷ್ಟು ಸರಳವಾಗಿ ಹೇಳಿದ್ದನ್ನು ನಾನು ಮೆಚ್ಚಿದೆ.

ಇನ್ನು ಜಗಳ ಮಗನ ಜೊತೆ, ಅವನಂಥ ಎಲ್ಲ ಗಂಡುಮಕ್ಕಳ ಜೊತೆ.

ಅಸುನಾ ಬರೀ ಅಡುಗೆಯವಳಲ್ಲ. ದೊಡ್ಡ ದಳವೊಂದರ ಉಪನಾಯಕಿ. ಕತ್ತಿ ಬೀಸಿದರೆ ಮಿಂಚು. ಕೋಟೆಯ ಕೊನೆಯ ಹೋರಾಟದಲ್ಲಿ ಕಿರಿಟೊಗೆ ಬಿದ್ದ ಪೆಟ್ಟಿಗೆ ತಾನು ಅಡ್ಡ ನಿಲ್ಲುತ್ತಾಳೆ. ಅಷ್ಟಾದ ಮೇಲೆ ಎಲ್ಲರೂ ಬಿಡುಗಡೆಯಾಗಬೇಕಲ್ಲ? ಇಲ್ಲ. ಕಥೆಯ ಎರಡನೇ ಅರ್ಧದಲ್ಲಿ ಅದೇ ಅಸುನಾಳನ್ನು ಇನ್ನೊಂದು ಆಟದ ಲೋಕಕ್ಕೆ ಒಯ್ದು, ಮಹಾವೃಕ್ಷದ ತುದಿಯಲ್ಲಿ ಚಿನ್ನದ ಪಂಜರದೊಳಗೆ ಕೂರಿಸುತ್ತಾರೆ. ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ ಅವಳ ದೇಹವನ್ನು ಮದುವೆಯಾಗಲು ಹೊರಟವನೇ ಪಂಜರದ ಒಡೆಯ. ಒಮ್ಮೆ ತಪ್ಪಿಸಿಕೊಳ್ಳಲು ಹೊರಡುತ್ತಾಳೆ, ಹಿಡಿದು ತರುತ್ತಾರೆ. ಕೊನೆಗೆ ನಾಯಕನ ಕಣ್ಣೆದುರೇ ಅವಳನ್ನು ಸಂಕೋಲೆಯಲ್ಲಿ ಬಿಗಿದು ಅವಮಾನಿಸುತ್ತಾರೆ. ಯಾಕೆ? ಅವನಿಗೆ ಸಿಟ್ಟು ಬರಲಿ ಎಂದು! ಹೆಣ್ಣಿನ ನೋವು ಗಂಡಿನ ಸಿಟ್ಟಿಗೆ ಹಾಕುವ ಸೌದೆಯೇ?

"ಅಮ್ಮ, ಅದು ವಿಲನ್ ಮಾಡಿದ್ದು, ಕಥೆ ಬರೆದವ ಅಲ್ಲ" ಎಂದ ಮಗ. ಸರಿಯಪ್ಪ, ವಿಲನ್ ಕೆಟ್ಟವನೇ. ಆದರೆ ಅವಳ ಕೈಯಿಂದ ಕತ್ತಿ ಕಸಿದವನು ವಿಲನ್ ಅಲ್ಲ, ಕಥೆಗಾರ. ಇಷ್ಟು ಸಾಲದೆಂಬಂತೆ ದಾರಿಯಲ್ಲಿ ಸಿಕ್ಕಿದ ಹುಡುಗಿಯರಲ್ಲಿ ಒಬ್ಬಳು ಬಿಟ್ಟು ಒಬ್ಬಳು ಕಿರಿಟೊಗೆ ಮನಸೋಲುತ್ತಾಳೆ. ತಂಗಿಯಂತೆ ಒಂದೇ ಮನೆಯಲ್ಲಿ ಬೆಳೆದವಳನ್ನೂ ಬಿಟ್ಟಿಲ್ಲ. ಎರಡು ವರ್ಷದ ಕಥೆಯನ್ನು ಹದಿನಾಲ್ಕು ಕಂತಿನಲ್ಲಿ ಓಡಿಸಿದ್ದರಿಂದ ಆ ಹುಡುಗಿಯರಿಗೆ ಬೇರೆ ಕೆಲಸವೂ ಇಲ್ಲ.

ಹಾಗೆಂದು ಜಪಾನಿನವರನ್ನು ಮಾತ್ರ ಬೈದು ಕೂರಲಾರೆ. ನಮ್ಮ ಆಟದಲ್ಲಿ ಪ್ರಮೀಳೆ ಇಲ್ಲವೆ? ಲಕ್ಷ್ಮೀಶನ ಜೈಮಿನಿ ಭಾರತದ ಕಥೆ. ಸ್ತ್ರೀರಾಜ್ಯದ ರಾಣಿ, ಅಶ್ವಮೇಧದ ಕುದುರೆ ಕಟ್ಟಿದವಳು, ಅರ್ಜುನನಿಗೆ ಬಾಣಕ್ಕೆ ಬಾಣ ಕೊಟ್ಟವಳು. ಆಮೇಲೆ? ಅಶರೀರವಾಣಿಯಾಗುತ್ತದೆ, ಅವನು ಒಪ್ಪುತ್ತಾನೆ, ಅವಳು ಹಸ್ತಿನಾವತಿಗೆ. ಯುದ್ಧದ ಜೊತೆ ಅವಳ ಕಥೆಯೂ ಮುಗಿಯಿತು. ಚಾಪೆಯ ಮೇಲೆ ಎದ್ದು ಕೂತು ಆ ವೇಷ ನೋಡಿದ ನಾನು ಮನೆಗೆ ಬಂದು, ಕುಣಿತ ಕಲಿಯುತ್ತೇನೆ ಎಂದೆ. "ಹೆಣ್ಣುಮಕ್ಕಳಿಗೆ ನೋಡ್ಲಿಕ್ಕೆ ಉಂಟು, ಕಟ್ಲಿಕ್ಕೆ ಇಲ್ಲ" ಎಂದರು ಅಪ್ಪ. ಬೈಯಲಿಲ್ಲ, ನಗುತ್ತಲೇ ಹೇಳಿದರು. ಚಿನ್ನದ ಪಂಜರ ಎಂದರೆ ಅದೇ ಅಲ್ಲವೆ? ರಂಗಸ್ಥಳದ ಪ್ರಮೀಳೆಯೂ ಆಗ ಗಂಡಸೇ. ತೆಂಕುತಿಟ್ಟಿನ ಮೇಳಗಳಲ್ಲಿ ಜಾಗಟೆ ಹಿಡಿದು ಹಾಡಿದ ಲೀಲಾವತಿ ಬೈಪಾಡಿತ್ತಾಯರ ಹೆಸರು ಕೇಳಿದಾಗ ನನಗೆ ಮದುವೆಯಾಗಿತ್ತು. ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡ ಸುದ್ದಿ ಓದಿದ ದಿನ ಅಪ್ಪನ ಆ ನಗು ಮತ್ತೆ ಕೇಳಿಸಿತು.

ಈ ಅನಿಮೆ ಮಾಡಿದವರು ಮುಂದೆ ಸ್ವಲ್ಪ ಪ್ರಾಯಶ್ಚಿತ್ತ ಮಾಡಿಕೊಂಡಿದ್ದಾರೆ ಎನ್ನಬೇಕು. 2021ರ ಚಲನಚಿತ್ರದಲ್ಲಿ ಕೋಟೆಯ ಕಥೆಯನ್ನು ಅಸುನಾಳ ಕಣ್ಣಿನಿಂದಲೇ ಮೊದಲಿನಿಂದ ಹೇಳಿದರು. ಅದಕ್ಕೂ ಮುಂಚೆ, 2014ರ ಎರಡನೇ ಸರಣಿಯ ಕೊನೆಯ ಏಳು ಕಂತುಗಳಿವೆ. ಅಲ್ಲಿ ಕಿರಿಟೊ ಬದಿಗೆ ಸರಿಯುತ್ತಾನೆ. ಹುಟ್ಟುವಾಗ ಕೊಟ್ಟ ರಕ್ತದಿಂದ ಏಡ್ಸ್ ತಗಲಿದ, ಆಸ್ಪತ್ರೆಯ ಯಂತ್ರದೊಳಗೇ ಬದುಕುವ ಯೂಕಿ ಎಂಬ ಹುಡುಗಿ ಅಸುನಾಳ ಗೆಳತಿಯಾಗುತ್ತಾಳೆ. ಮನೆಯಲ್ಲಿ ಅಸುನಾಳ ತಾಯಿ ಪ್ರಾಧ್ಯಾಪಕಿ. ಮಗಳ ಶಾಲೆ, ಗಂಡು ಎಲ್ಲ ತಾನೇ ಗೊತ್ತುಮಾಡುವವಳು. ಮಗಳು ಹಟ ಹಿಡಿದು ತಾಯಿಯನ್ನೇ ಆಟದೊಳಗೆ ಕರೆದೊಯ್ದು, ಕಾಡಿನ ಮನೆಯ ಕಿಟಕಿಯಿಂದ ಮರಗಳನ್ನು ತೋರಿಸುತ್ತಾಳೆ. ತಾಯಿಗೆ ತನ್ನ ರೈತ ಅಪ್ಪ ಅಮ್ಮನ ಮನೆ ನೆನಪಾಗುತ್ತದೆ. ಆ ಲೋಕದಲ್ಲಿ ಕಣ್ಣೀರು ಮುಚ್ಚಿಡಲಾಗುವುದಿಲ್ಲವಂತೆ.

ಹುಡುಗಿಯನ್ನು ಕರೆದೊಯ್ಯಲು ಅಕ್ಕ ಬಂದಾಗ ಆ ಕಂತು ಹಾಕಿ ಕೂರಿಸಿದೆ. "ನನಗೆಂತದಕ್ಕೆ ಇದು" ಎನ್ನುತ್ತಲೇ ಕೂತಳು. ಹುಡುಗಿ ಪಕ್ಕದಲ್ಲಿ ಕೂತು, ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿಕೊಟ್ಟಳು. ಮುಗಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾರ್ಕಳದ ಮನೆಯ ಹಿಂದೆ ಹಲಸಿನ ಮರ ಇತ್ತಲ್ಲ" ಎಂದಳು. "ಯಾವ ಮನೆ ಅಮ್ಮ?" ಎಂದು ಹುಡುಗಿ ಕೇಳಿದಳು. ಹದಿನೇಳು ವರ್ಷದಲ್ಲಿ ಆ ಮನೆಯ ಕಥೆಯನ್ನು ನಾವು ಅವಳಿಗೆ ಹೇಳಿಯೇ ಇರಲಿಲ್ಲ.

ರಾತ್ರಿ ಹತ್ತರ ನಂತರ ಮೊಬೈಲು ಬೇಡ ಎಂಬ ಅಕ್ಕನ ಕಟ್ಟಳೆಗೆ ನನ್ನ ತಕರಾರಿಲ್ಲ, ಪರೀಕ್ಷೆ ಪರೀಕ್ಷೆಯೇ. ತಕರಾರು ಇರುವುದು ಕಪಾಟಿನ ಬೀಗಕ್ಕೆ. ಮಕ್ಕಳು ಏನು ನೋಡುತ್ತಾರೆಂದು ತಿಳಿಯದೆ ಕಿತ್ತುಕೊಂಡರೆ ಅವರಿಗೆ ಆಟವೂ ಇಲ್ಲ, ನಾವೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಜಗಳ ನಡೆದಿದ್ದರೆ, ಒಂದು ಮಧ್ಯಾಹ್ನ ಧಾರಾವಾಹಿ ಬಿಟ್ಟು ಮಗಳ ಪಕ್ಕ ಕೂತುಕೊಳ್ಳಿ. ಪಂಜರ ಕಂಡಲ್ಲಿ ಅವಳ ಜೊತೆ ಸೇರಿ ಬೈಯಿರಿ. ಹಾಗೆ ಬೈಯಲು ಕಲಿತವಳು ಮುಂದೆ ತನ್ನ ಸುತ್ತ ಯಾರಾದರೂ ಚಿನ್ನದ ಸರಳು ನೆಟ್ಟರೆ ಗುರುತಿಸಿಯಾಳು. ನನಗೆ ಆ ವಯಸ್ಸಿನಲ್ಲಿ ಗುರುತಿಸಲು ಆಗಲಿಲ್ಲ.